ನಗೆಯ ಹಿಂದಿನ ಲೆಕ್ಕ: ಹಳೆಯ ಹಾಲಿವುಡ್ ಕಾಮಿಡಿಗಳ ಅಧ್ಯಯನ ಟಿಪ್ಪಣಿ

ಹಳೆಯ ಹಾಲಿವುಡ್ ಕಾಮಿಡಿ ಎಂದರೆ ಜಾರಿ ಬೀಳುವುದು, ಮುಖಕ್ಕೆ ಕೇಕು ಬಡಿಯುವುದು, ಗಡಿಬಿಡಿಯ ಓಟ, ಇಷ್ಟೇ ಎಂದುಕೊಂಡವರು ಬಹಳ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಇದ್ದದ್ದೂ ಅಷ್ಟೇ. ಅವನ್ನು ಜನ ಮರೆತರು. ಇವತ್ತಿಗೂ ನಗಿಸುವ ಚಿತ್ರಗಳನ್ನು ಆರಿಸಿಕೊಂಡು ನಿಧಾನವಾಗಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದ್ದು ಕಾಣುತ್ತದೆ. ನಗು ಬರುವ ಕ್ಷಣಕ್ಕಿಂತ ಅದಕ್ಕೆ ಮುಂಚಿನ ತಯಾರಿ ದೊಡ್ಡದು. ಪ್ರೇಕ್ಷಕರಿಗೆ ಏನು ಗೊತ್ತಿದೆ, ಪಾತ್ರಕ್ಕೆ ಏನು ಗೊತ್ತಿಲ್ಲ, ಈ ಅಂತರವನ್ನು ಎಷ್ಟು ಹೊತ್ತು ಹಿಡಿದಿಡಬೇಕು, ನಗು ಬಂದ ಮೇಲೆ ಅದಕ್ಕೆಷ್ಟು ಜಾಗ ಬಿಡಬೇಕು: ಕಾಮಿಡಿಯ ಕಸುಬೆಲ್ಲ ಈ ಲೆಕ್ಕದಲ್ಲಿದೆ.

ಸಿನಿಮಾ ಅಧ್ಯಯನ ಮಾಡುತ್ತಿರುವವರಿಗೂ ಚಿತ್ರಕಥೆ ಬರೆಯಲು ಕಲಿಯುತ್ತಿರುವವರಿಗೂ ಈ ಟಿಪ್ಪಣಿ. 1920ರ ದಶಕದ ಮೂಕಿ ಚಿತ್ರಗಳಿಂದ 1960ರವರೆಗಿನ ಕೆಲವೇ ಚಿತ್ರಗಳನ್ನು ಇಲ್ಲಿ ತೆಗೆದುಕೊಂಡಿದೆ. ಕಥೆಯ ತಿರುವುಗಳನ್ನು ಮುಚ್ಚಿಡದೆ ಹೇಳಿರುವುದರಿಂದ ಮೊದಲು ಚಿತ್ರ ನೋಡಿ, ಆಮೇಲೆ ಆ ಭಾಗ ಓದುವುದು ಒಳ್ಳೆಯದು.

ಮೊದಲು ಒಳ್ಳೆಯ ಪ್ರತಿ ಹುಡುಕಿ

ಈ ಚಿತ್ರಗಳು ಹಿಡಿಸಲಿಲ್ಲ ಎನ್ನುವವರಲ್ಲಿ ಅನೇಕರು ನೋಡಿರುವುದು ಕೆಟ್ಟ ಪ್ರತಿಯನ್ನು. ಇದರಿಂದ ಕಾಮಿಡಿಗೆ ಬೀಳುವ ಪೆಟ್ಟು ಬೇರೆ ಬಗೆಯ ಚಿತ್ರಗಳಿಗಿಂತ ಹೆಚ್ಚು. ಅರ್ಧ ಸೆಕೆಂಡು ಆಚೀಚೆಯಾದರೂ ಇಲ್ಲಿ ನಗು ಸತ್ತುಹೋಗುತ್ತದೆ.

ಮೂಕಿ ಚಿತ್ರಗಳ ಮುಖ್ಯ ತೊಂದರೆ ವೇಗದ್ದು. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 24 ಫ್ರೇಮಿನವರೆಗೆ ವೇಗ ಬದಲಾಗುತ್ತಿತ್ತು. ಧ್ವನಿ ಬಂದ ಮೇಲೆ ಅದು 24ಕ್ಕೆ ನಿಂತಿತು. 18 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಮೂರನೇ ಒಂದು ಪಾಲು ಹೆಚ್ಚು ವೇಗವಾಗಿ ಸಾಗಿ, ಮನುಷ್ಯರು ಬೊಂಬೆಗಳಂತೆ ಕುಣಿಯುತ್ತಾರೆ. ಹಾಗೆಂದು ವೇಗವೆಲ್ಲ ತಪ್ಪೆಂದಲ್ಲ. ಬೆನ್ನಟ್ಟುವ ದೃಶ್ಯಗಳಿಗೆ ಬೇಕೆಂದೇ ಕ್ಯಾಮೆರಾ ನಿಧಾನವಾಗಿ ತಿರುಗಿಸಿ, ಪರದೆಯ ಮೇಲೆ ವೇಗ ಹೆಚ್ಚಿಸಿಕೊಳ್ಳುತ್ತಿದ್ದರು. ಪರೀಕ್ಷಿಸಲು ಸುಲಭದ ದಾರಿಯೊಂದಿದೆ: ಯಾರಾದರೂ ಸುಮ್ಮನೆ ಕುರ್ಚಿಯಲ್ಲಿ ಕೂರುವ, ಬಾಗಿಲು ತೆರೆಯುವ ದೃಶ್ಯ ನೋಡಿ. ಅದೂ ಚುರುಕಾಗಿ ಕಂಡರೆ ಪ್ರತಿ ಸರಿಯಿಲ್ಲ.

ಎರಡನೆಯದು, ಒಂದೇ ಹೆಸರಿನ ಎರಡು ರೂಪಗಳು. ಚಾರ್ಲಿ ಚಾಪ್ಲಿನ್‌ನ 'ದಿ ಗೋಲ್ಡ್ ರಶ್' 1925ರಲ್ಲಿ ಮೂಕಿಯಾಗಿ ಬಂತು. 1942ರಲ್ಲಿ ಆತನೇ ಅದನ್ನು ಕತ್ತರಿಸಿ, ಬರಹದ ಫಲಕಗಳನ್ನು ತೆಗೆದು, ತನ್ನ ದನಿಯಲ್ಲಿ ನಿರೂಪಣೆ ಸೇರಿಸಿ ಸುಮಾರು 72 ನಿಮಿಷಕ್ಕೆ ಇಳಿಸಿದ. ಕಲಿಯುವವರು ಮೊದಲು ನೋಡಬೇಕಾದದ್ದು 1925ರ ರೂಪ. ಬೂಟು ಬೇಯಿಸಿ ತಿನ್ನುವ ದೃಶ್ಯದಲ್ಲಿ ಕಣ್ಣಿಗೆ ಕಾಣುವುದನ್ನೇ ಬಾಯಲ್ಲಿ ವಿವರಿಸಿದರೆ ಅದರ ಬಲ ಕುಗ್ಗುತ್ತದೆ. (ಆ ಬೂಟು ಮಾಡಿದ್ದು ಲಿಕರಿಸ್ ಎಂಬ ಸಿಹಿತಿಂಡಿಯಿಂದ.)

ಮೂರನೆಯದು, ಕೃತಿಸ್ವಾಮ್ಯ. 'ಹಿಸ್ ಗರ್ಲ್ ಫ್ರೈಡೇ', 'ಮೈ ಮ್ಯಾನ್ ಗಾಡ್‌ಫ್ರೀ' ಚಿತ್ರಗಳ ಹಕ್ಕನ್ನು ಅಮೆರಿಕದಲ್ಲಿ ಸಕಾಲಕ್ಕೆ ನವೀಕರಿಸಲಿಲ್ಲ. ಹೀಗಾಗಿ ಯಾರು ಬೇಕಾದರೂ ಹಂಚಬಹುದಾದ ಮಸುಕು ಪ್ರತಿಗಳು ಎಲ್ಲೆಲ್ಲೂ ಇವೆ. ಮಾತೇ ಬಂಡವಾಳವಾದ ಚಿತ್ರದಲ್ಲಿ ಗೊರಗೊರ ಧ್ವನಿ ಕೇಳಿಕೊಂಡು ಕೂತರೆ ಪ್ರಯೋಜನವಿಲ್ಲ. ಮೂಲ ನೆಗೆಟಿವ್‌ನಿಂದಲೋ ಒಳ್ಳೆಯ ಪ್ರಿಂಟಿನಿಂದಲೋ ಸರಿಪಡಿಸಿದ ಪ್ರತಿ ಸಿಗುವವರೆಗೆ ಕಾಯಿರಿ.

ಟಿವಿಯ ಸೆಟ್ಟಿಂಗನ್ನೂ ಒಮ್ಮೆ ನೋಡಿಕೊಳ್ಳಿ. 1950ರ ದಶಕದ ಆರಂಭದವರೆಗಿನ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 1.37ಕ್ಕೆ 1. ಅಗಲದ ಟಿವಿ ತುಂಬುವಂತೆ ಹಿಗ್ಗಿಸಿದರೆ ನಟರು ದಪ್ಪಗಾಗುತ್ತಾರೆ, ಹಿಗ್ಗಿಸದೆ ಹಿರಿದು ಮಾಡಿದರೆ ತಲೆಯೋ ಪಾದವೋ ಕತ್ತರಿಸಿಹೋಗುತ್ತದೆ. ಪಾದ ಕಾಣದಿದ್ದರೆ ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ನ ಅರ್ಧ ನಟನೆ ಹೋದಂತೆ. ಚಲನೆ ನುಣುಪುಗೊಳಿಸುವ (ಮೋಷನ್ ಸ್ಮೂದಿಂಗ್) ಸೌಲಭ್ಯವನ್ನು ನಿಲ್ಲಿಸಿಬಿಡಿ. ಬಣ್ಣ ತುಂಬಿದ ಪ್ರತಿಗಳ ಗೊಡವೆಗೆ ಹೋಗಬೇಡಿ.

ಬಸ್ಟರ್ ಕೀಟನ್: ಒಂದೇ ಶಾಟ್‌ನಲ್ಲಿ ಪೂರ್ತಿ ತೋರಿಸುವುದು

ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ 'ಶರ್ಲಾಕ್ ಜೂನಿಯರ್' (1924) ಎನ್ನುವುದೇ ಸರಿಯಾದ ಉತ್ತರ. 45 ನಿಮಿಷ. ಕೀಟನ್ ಇಲ್ಲಿ ಚಿತ್ರಮಂದಿರದ ಪ್ರೊಜೆಕ್ಟರ್ ಓಡಿಸುವವನು. ಕೆಲಸದ ನಡುವೆ ನಿದ್ದೆಹೋಗಿ, ಕನಸಿನಲ್ಲಿ ಎದ್ದು ಪರದೆಯೊಳಗೇ ನಡೆದುಬಿಡುತ್ತಾನೆ. ಒಳಗೆ ಹೋದೊಡನೆ ಅವನ ಸುತ್ತಲಿನ ಜಾಗ ಬದಲಾಗತೊಡಗುತ್ತದೆ. ತೋಟದ ಬೆಂಚಿನ ಮೇಲೆ ಕೂರಲು ಹೋದರೆ ಅದು ವಾಹನ ಓಡಾಡುವ ಬೀದಿ, ನಡೆಯಲು ಹೋದರೆ ಪ್ರಪಾತದ ಅಂಚು, ಇಣುಕಿದರೆ ಸಿಂಹಗಳು, ಸಮುದ್ರಕ್ಕೆ ಹಾರಿದರೆ ಬಿದ್ದದ್ದು ಹಿಮದ ರಾಶಿಗೆ. ದೇಹದ ಚಲನೆ ಮಾತ್ರ ತುಂಡಾಗದೆ ಸಾಗುತ್ತದೆ.

ಕಂಪ್ಯೂಟರಿನ ಹೆಸರೇ ಇಲ್ಲದ ಕಾಲದಲ್ಲಿ ಇದನ್ನು ಮಾಡಿದ್ದು ಅಳತೆಯ ಬಲದಿಂದ. ಪ್ರತಿ ಜಾಗದಲ್ಲೂ ಕ್ಯಾಮೆರಾದಿಂದ ಕೀಟನ್‌ಗೆ ಇರುವ ದೂರ, ಎತ್ತರ, ಕೋನ ಒಂದೇ ಇರಬೇಕು. ಅದಕ್ಕಾಗಿ ಭೂಮಾಪನದ ಉಪಕರಣಗಳನ್ನು ಬಳಸಿ ಅವನ ನಿಲುವನ್ನು ಗುರುತಿಸಿಕೊಂಡರು. ಕಟ್ ಆದಾಗ ಹಿನ್ನೆಲೆಯಷ್ಟೇ ಬದಲಾಗುತ್ತದೆ, ಮನುಷ್ಯ ಅಲ್ಲೇ ಇರುತ್ತಾನೆ. ಸಂಕಲನ ಕಲಿಯುವವರು ಈ ಒಂದು ನಿಮಿಷವನ್ನು ಫ್ರೇಮ್ ಫ್ರೇಮಾಗಿ ನೋಡಬೇಕು. ಅವನು ಕೂರುವ ಕ್ರಿಯೆಯ ಯಾವ ಘಟ್ಟದಲ್ಲಿ ಕಟ್ ಬಿದ್ದಿದೆ ಎಂಬುದೇ ನಗುವಿನ ಮೂಲ. ಕೂತ ಮೇಲೆ ಕಟ್ ಮಾಡಿದ್ದರೆ ಬರೀ ಅಚ್ಚರಿಯಾಗುತ್ತಿತ್ತು, ನಗು ಬರುತ್ತಿರಲಿಲ್ಲ. ಇದೇ ಚಿತ್ರದಲ್ಲಿ ರೈಲ್ವೆ ನೀರಿನ ಟ್ಯಾಂಕಿನ ಕೊಳವೆಯಿಂದ ಸುರಿದ ನೀರು ಅವನನ್ನು ಹಳಿಯ ಮೇಲೆ ಕೆಡವುವ ದೃಶ್ಯವಿದೆ. ಆಗ ಕತ್ತಿನ ಮೂಳೆ ಬಿರಿದಿತ್ತು ಎಂಬುದು ಅವನಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಎಕ್ಸ್‌ರೇಯಲ್ಲಿ.

ಕೀಟನ್‌ನ ನಿಯಮ ಸರಳ: ಅಪಾಯವನ್ನು ದೂರದಿಂದ, ಇಡಿಯಾಗಿ, ಕಟ್ ಇಲ್ಲದೆ ತೋರಿಸು. 'ಸ್ಟೀಮ್‌ಬೋಟ್ ಬಿಲ್, ಜೂನಿಯರ್' (1928) ಚಿತ್ರದ ಬಿರುಗಾಳಿಯಲ್ಲಿ ಮನೆಯ ಮುಂಗೋಡೆ ಪೂರ್ತಿಯಾಗಿ ಅವನ ಮೇಲೆ ಉರುಳುತ್ತದೆ. ಅವನು ನಿಂತ ಜಾಗಕ್ಕೆ ಸರಿಯಾಗಿ ತೆರೆದ ಕಿಟಕಿಯೊಂದು ಬಂದು, ಅವನು ಉಳಿಯುತ್ತಾನೆ. ಗೋಡೆಯ ತೂಕ ಸುಮಾರು 2 ಟನ್, ಕಿಟಕಿಯ ಚೌಕಟ್ಟಿಗೂ ಅವನ ಮೈಗೂ ನಡುವೆ ಕೆಲವೇ ಅಂಗುಲ. ಇದನ್ನು ಮೂರು ಶಾಟ್‌ಗಳಾಗಿ ಒಡೆದಿದ್ದರೆ, ಅಂದರೆ ಗೋಡೆ ಬೀಳುತ್ತಿದೆ, ಮುಖ ಬೆದರಿದೆ, ಗೋಡೆ ಬಿದ್ದಿದೆ ಎಂದು ತೋರಿಸಿದ್ದರೆ, ನೋಡುವವರು ನಂಬುತ್ತಿರಲಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶ: ಅವನಿಗೆ ಗೋಡೆ ಬೀಳುವುದು ತಿಳಿದೇ ಇಲ್ಲ. ಬೆದರಿಕೆಯೆಲ್ಲ ನಮ್ಮದು. 1920ರ 'ಒನ್ ವೀಕ್' ಎಂಬ ಕಿರುಚಿತ್ರದಲ್ಲಿ ಇದೇ ಉಪಾಯದ ಚಿಕ್ಕ ರೂಪವಿದೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಒಂದು ಗ್ಯಾಗ್, ಅಂದರೆ ನಗೆಯ ಉಪಾಯ, ಬೆಳೆಯುವ ಬಗೆ ತಿಳಿಯುತ್ತದೆ.

'ದಿ ಜನರಲ್' (1926) ಚಿತ್ರವನ್ನು ಯಂತ್ರಶಾಸ್ತ್ರದ ಪಾಠದಂತೆ ನೋಡಬಹುದು. ಓಡುವ ರೈಲು ಎಂಜಿನಿನ ಮುಂಭಾಗದಲ್ಲಿ ಕುಳಿತ ಕೀಟನ್‌ನ ಕೈಯಲ್ಲಿ ಹಳಿಯಡಿಗೆ ಹಾಕುವ ಭಾರದ ಮರದ ತೊಲೆ, ಮುಂದೆ ಹಳಿಗೆ ಅಡ್ಡವಾಗಿ ಇನ್ನೊಂದು ತೊಲೆ. ಕೈಯಲ್ಲಿರುವುದನ್ನು ಆ ತೊಲೆಯ ತುದಿಗೆ ಎಸೆಯುತ್ತಾನೆ. ಸನ್ನೆಗೋಲಿನಂತೆ ಅದು ಚಿಮ್ಮಿ ಪಕ್ಕಕ್ಕೆ ಹಾರುತ್ತದೆ. ಒಂದೇ ಏಟಿಗೆ ಎರಡು ತೊಂದರೆಯೂ ಮುಗಿದವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ 1862ರ ಏಪ್ರಿಲ್‌ನಲ್ಲಿ ನಡೆದ ಎಂಜಿನ್ ಕಳವಿನ ನಿಜ ಘಟನೆ ಇದಕ್ಕೆ ಆಧಾರ. ಚಿತ್ರದ ನಾಯಕ ನಿಲ್ಲುವುದು ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ಪಕ್ಷದಲ್ಲಿ, ಮತ್ತು ಚಿತ್ರ ಗುಲಾಮಗಿರಿಯ ಮಾತನ್ನೇ ಎತ್ತುವುದಿಲ್ಲ. ಕಸುಬನ್ನು ಮೆಚ್ಚುವಾಗ ಈ ಮೌನವನ್ನೂ ಬರೆಯಬೇಕು. ಕೊನೆಯ ಭಾಗದಲ್ಲಿ ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ ನಿಜವಾದ ಎಂಜಿನನ್ನೇ ಉರಿಯುವ ಸೇತುವೆಯ ಮೇಲಿಂದ ನದಿಗೆ ಬೀಳಿಸಿದರು. ಅಷ್ಟು ಖರ್ಚು ಮಾಡಿದ ಚಿತ್ರ ಗಳಿಸಲಿಲ್ಲ. 1928ರಲ್ಲಿ ಎಂಜಿಎಂ ಸ್ಟುಡಿಯೋ ಸೇರಿದ ಮೇಲೆ ಕೀಟನ್‌ನ ಕೈಯಿಂದ ಹಿಡಿತ ತಪ್ಪಿತು.

ಲಾಯ್ಡ್, ಚಾಪ್ಲಿನ್

ಹೆರಾಲ್ಡ್ ಲಾಯ್ಡ್‌ನ 'ಸೇಫ್ಟಿ ಲಾಸ್ಟ್!' (1923) ಚಿತ್ರದಲ್ಲಿ ಗಡಿಯಾರದ ಮುಳ್ಳು ಹಿಡಿದು ನೇತಾಡುವ ಚಿತ್ರ ಎಲ್ಲರಿಗೂ ಗೊತ್ತು. ಕಲಿಯಬೇಕಾದದ್ದು ಏರಿಕೆಯ ಕ್ರಮವನ್ನು. ಮೇಲೆ ಹೋದಂತೆ ಅಡ್ಡಿಯೂ ಬದಲಾಗುತ್ತದೆ: ಪಾರಿವಾಳಗಳು, ಬಲೆ, ಗಡಿಯಾರ, ಪ್ಯಾಂಟಿನೊಳಗೆ ಇಲಿ, ಕೊನೆಗೆ ಗಾಳಿ ಅಳೆಯುವ ಯಂತ್ರ. ಯಾವುದೂ ಎರಡು ಸಲ ಬರುವುದಿಲ್ಲ. ನಿಜವಾದ ಕಟ್ಟಡಗಳ ಮಾಳಿಗೆಯ ಮೇಲೆ ಗೋಡೆಯ ಸೆಟ್ ಕಟ್ಟಿ, ಹಿಂದೆ ಲಾಸ್ ಏಂಜಲೀಸಿನ ಬೀದಿ ಕಾಣುವಂತೆ ಕ್ಯಾಮೆರಾ ಇಟ್ಟರು. ಕೆಳಗೆ ಹಾಸಿಗೆ ಹಾಕಿದ ಅಟ್ಟಣೆ ಚೌಕಟ್ಟಿಗೆ ಬರುತ್ತಿರಲಿಲ್ಲ. 1919ರ ಸ್ಫೋಟವೊಂದರಲ್ಲಿ ಲಾಯ್ಡ್ ಬಲಗೈಯ ಹೆಬ್ಬೆರಳು, ತೋರುಬೆರಳು ಕಳೆದುಕೊಂಡಿದ್ದ. ಚಿತ್ರದಲ್ಲಿ ಕಾಣುವುದು ಕೃತಕ ಬೆರಳುಗಳ ಕೈಗವಸು.

ಚಾಪ್ಲಿನ್‌ನಲ್ಲಿ ಆರಿಸಲೇಬೇಕಾದರೆ 'ಸಿಟಿ ಲೈಟ್ಸ್' (1931). ಟಾಕಿ ಬಂದು ವರ್ಷಗಳಾದರೂ ಸಂಭಾಷಣೆಯಿಲ್ಲದೆ, ಸಂಗೀತ ಮತ್ತು ಸದ್ದುಗಳನ್ನಷ್ಟೇ ಸೇರಿಸಿ ತೆಗೆದ ಚಿತ್ರ. ಕಥೆಯ ಮೂಲ ಗಂಟು ಹೀಗಿದೆ: ಹೂ ಮಾರುವ ಕುರುಡು ಹುಡುಗಿ ಒಬ್ಬ ಅಲೆಮಾರಿಯನ್ನು ಸಿರಿವಂತನೆಂದು ತಿಳಿಯಬೇಕು. ಅವಳಿಗೆ ಕಾಣುವುದಿಲ್ಲ, ಚಿತ್ರಕ್ಕೆ ಮಾತಿಲ್ಲ. ಹಾಗಾದರೆ ಹೇಗೆ? ಚಾಪ್ಲಿನ್ ಇದಕ್ಕಾಗಿ ತಿಂಗಳುಗಟ್ಟಲೆ ಹೆಣಗಿದ, ಅದೊಂದು ದೃಶ್ಯವನ್ನು ನೂರಾರು ಸಲ ತೆಗೆದ. ಕೊನೆಗೆ ಸಿಕ್ಕ ಪರಿಹಾರ ಕಾರಿನ ಬಾಗಿಲು. ಪೊಲೀಸನನ್ನು ತಪ್ಪಿಸಲು ಅಲೆಮಾರಿ ನಿಂತ ಕಾರಿನ ಒಂದು ಕಡೆಯಿಂದ ಹತ್ತಿ, ಹುಡುಗಿ ಕೂತ ಕಡೆಗೆ ಇಳಿದು ಬಾಗಿಲು ಮುಚ್ಚುತ್ತಾನೆ. ಅವಳು ತಲೆಯೆತ್ತಿ ಹೂ ಚಾಚುತ್ತಾಳೆ. ಅವನು ನಾಣ್ಯ ಕೊಟ್ಟ ಸ್ವಲ್ಪ ಹೊತ್ತಿಗೆ ಕಾರಿನ ನಿಜವಾದ ಯಜಮಾನ ಬಂದು ಹತ್ತಿ ಹೊರಡುತ್ತಾನೆ. ಚಿಲ್ಲರೆಯನ್ನೂ ಪಡೆಯದೆ ಹೋದ ಉದಾರಿ ಎಂದು ಅವಳು ನಂಬುತ್ತಾಳೆ. ಎರಡು ಸಲ ಮುಚ್ಚಿದ ಬಾಗಿಲಿನಿಂದ ಇಡೀ ಚಿತ್ರ ನಿಂತಿತು. ಚಿತ್ರಕಥೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ: ಈ ಪರಿಹಾರ ನೋಡುವ ಮೊದಲೇ ನಿಮ್ಮದೊಂದನ್ನು ಬರೆದು ನೋಡಿ.

ನಗುವಿಗೆ ಜಾಗ ಬಿಡುವ ತಾಪತ್ರಯ

ನಾಟಕದಲ್ಲಿ ಜನ ನಕ್ಕರೆ ನಟ ನಿಲ್ಲುತ್ತಾನೆ, ನಗು ಇಳಿದ ಮೇಲೆ ಮುಂದಿನ ಮಾತು ಎತ್ತುತ್ತಾನೆ. ಸಿನಿಮಾ ನಿಲ್ಲುವುದಿಲ್ಲ. ಟಾಕಿ ಬಂದಾಗ ಇದು ದೊಡ್ಡ ಸಮಸ್ಯೆಯಾಯಿತು. ಒಂದು ಮಾತಿಗೆ ಬಂದ ನಗುವಿನ ಸದ್ದಿನಲ್ಲಿ ಮುಂದಿನ ಎರಡು ಮಾತು ಕೇಳದೆ ಹೋಗುತ್ತಿತ್ತು. ಜಾಗ ಹೆಚ್ಚು ಬಿಟ್ಟರೆ, ಜನ ನಗದಿದ್ದಾಗ ಪರದೆ ಖಾಲಿ ಹೊಡೆಯುತ್ತಿತ್ತು. ಇದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಕಂಡುಕೊಂಡರು. ಟಾಕಿ ಕಾಲದ ಕಾಮಿಡಿಗಳನ್ನು ಈ ದೃಷ್ಟಿಯಿಂದ ಹೋಲಿಸಿ ನೋಡುವುದು ಬಲು ಲಾಭದಾಯಕ.

ಲಾರೆಲ್ ಮತ್ತು ಹಾರ್ಡಿ ನಿಧಾನವನ್ನೇ ಹಿಡಿದರು. 'ದಿ ಮ್ಯೂಸಿಕ್ ಬಾಕ್ಸ್' (1932) ಅರ್ಧ ಗಂಟೆಯ ಚಿತ್ರ. ಪೆಟ್ಟಿಗೆಯಲ್ಲಿಟ್ಟ ಪಿಯಾನೋವನ್ನು ಉದ್ದದ ಮೆಟ್ಟಿಲುಗಳ ಮೇಲೆ ಸಾಗಿಸುವುದಷ್ಟೇ ಕಥೆ. ಲಾಸ್ ಏಂಜಲೀಸಿನ ಸಿಲ್ವರ್ ಲೇಕ್ ಪ್ರದೇಶದಲ್ಲಿ ಆ 133 ಮೆಟ್ಟಿಲು ಈಗಲೂ ಇವೆ. ಪಿಯಾನೋ ಜಾರುತ್ತದೆಂದು ನಮಗೆ ಗೊತ್ತು, ಅದು ಜಾರುತ್ತದೆ. ಅಚ್ಚರಿಯೇ ಇಲ್ಲದೆ ನಗು ಹುಟ್ಟುವ ಬಗೆಗೆ ಇದು ಮಾದರಿ. ಜಾರಿದ ಪ್ರತಿ ಸಲವೂ ಹಾರ್ಡಿ ನೇರವಾಗಿ ಕ್ಯಾಮೆರಾದತ್ತ ದೀನನಾಗಿ ನೋಡುತ್ತಾನೆ. ಆ ನೋಟವೇ ನಗುವಿಗೆ ಬಿಟ್ಟ ಜಾಗ. ಜನ ನಕ್ಕರೂ ಸರಿ, ನಗದಿದ್ದರೂ ಆ ಮುಖ ನೋಡುವಂಥದ್ದೇ. ಕಷ್ಟಪಟ್ಟು ಮೇಲೆ ತಲುಪಿದ ಮೇಲೆ ಅಂಚೆಯವನು ಬಂದು, ಪಕ್ಕದಲ್ಲೇ ಗಾಡಿ ಬರುವ ರಸ್ತೆಯಿದೆಯಲ್ಲ ಎನ್ನುತ್ತಾನೆ. ಇಬ್ಬರೂ ಪಿಯಾನೋವನ್ನು ಮತ್ತೆ ಕೆಳಗಿಳಿಸಿ, ಗಾಡಿಗೆ ಹಾಕಿ, ರಸ್ತೆಯಿಂದ ಬರುತ್ತಾರೆ. ಅವರ ಮೂರ್ಖತನದಲ್ಲೂ ಒಂದು ಶಿಸ್ತಿದೆ, ಹೇಳಿದ ಮಾತನ್ನು ತಪ್ಪದೆ ಪಾಲಿಸುವ ಶಿಸ್ತು.

ಗ್ರೌಚೋ, ಹಾರ್ಪೋ ಮೊದಲಾದ ಮಾರ್ಕ್ಸ್ ಸಹೋದರರು ನಗುವನ್ನು ಎಣಿಸಿಯೇ ಬಿಟ್ಟರು. 'ಎ ನೈಟ್ ಅಟ್ ದಿ ಒಪೆರಾ' (1935) ಚಿತ್ರೀಕರಣಕ್ಕೆ ಮುನ್ನ ಮುಖ್ಯ ದೃಶ್ಯಗಳನ್ನು ಊರೂರಿನ ರಂಗದ ಮೇಲೆ ಆಡಿ, ಎಲ್ಲಿ ಎಷ್ಟು ಹೊತ್ತು ನಗು ಬರುತ್ತದೆಂದು ಗುರುತುಮಾಡಿಕೊಂಡು ಚಿತ್ರಕಥೆಯನ್ನು ತಿದ್ದಿದರು. ಆದರೂ ಅವರ ಅತ್ಯುತ್ತಮ ಚಿತ್ರ 'ಡಕ್ ಸೂಪ್' (1933). 68 ನಿಮಿಷ, ಪ್ರೇಮಗೀತೆಯ ಅಡ್ಡಿಯಿಲ್ಲ. ಕನ್ನಡಿ ಒಡೆದುಹೋದಾಗ ಹಾರ್ಪೋ, ಗ್ರೌಚೋನ ವೇಷದಲ್ಲಿ ಅವನ ಪ್ರತಿಬಿಂಬದಂತೆ ನಟಿಸುವ ದೃಶ್ಯದಲ್ಲಿ ಮಾತಿಲ್ಲ, ಸಂಗೀತವೂ ಇಲ್ಲ. ಒಂದು ಹಂತದಲ್ಲಿ ಇಬ್ಬರೂ ಸುತ್ತುಹಾಕಿ ಜಾಗ ಅದಲುಬದಲಾಗುತ್ತಾರೆ. ಕನ್ನಡಿ ಇಲ್ಲವೆಂದು ಅಲ್ಲಿಗೆ ಖಚಿತವಾಯಿತು. ಆಟ ಮಾತ್ರ ನಿಲ್ಲುವುದಿಲ್ಲ. ಹಿಡಿಯಬೇಕೆಂಬುದಕ್ಕಿಂತ ಆಡಬೇಕೆಂಬ ಆಸೆ ಇಬ್ಬರಿಗೂ ಹೆಚ್ಚಾಗಿದೆ.

ನಿರ್ದೇಶಕ ಹೊವರ್ಡ್ ಹಾಕ್ಸ್ ಹಿಡಿದದ್ದು ಇದಕ್ಕೆ ಪೂರ್ತಿ ಎದುರು ದಾರಿ: ನಗುವಿಗಾಗಿ ನಿಲ್ಲಲೇಬೇಡ. 'ಹಿಸ್ ಗರ್ಲ್ ಫ್ರೈಡೇ' (1940), 92 ನಿಮಿಷ. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ ಬರೆದ 'ದಿ ಫ್ರಂಟ್ ಪೇಜ್' ನಾಟಕದಲ್ಲಿ ಸಂಪಾದಕ, ವರದಿಗಾರ ಇಬ್ಬರೂ ಗಂಡಸರು. ಹಾಕ್ಸ್ ವರದಿಗಾರನನ್ನು ಹೆಣ್ಣಾಗಿಸಿ, ಸಂಪಾದಕನ ಮಾಜಿ ಹೆಂಡತಿಯನ್ನಾಗಿಸಿದ. ಇದೊಂದೇ ಬದಲಾವಣೆಯಿಂದ, ಕೆಲಸ ಬಿಡಬೇಡ ಎನ್ನುವ ಪ್ರತಿ ಮಾತಿಗೂ ನನ್ನನ್ನು ಬಿಡಬೇಡ ಎಂಬ ಎರಡನೇ ಅರ್ಥ ಸೇರಿಕೊಂಡಿತು. ಕೇರಿ ಗ್ರಾಂಟ್ ಮತ್ತು ರೊಸಾಲಿಂಡ್ ರಸೆಲ್ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತಿ ಮಾತಾಡುತ್ತಾರೆ, ಆದರೂ ಅರ್ಥ ಕಳೆದುಹೋಗುವುದಿಲ್ಲ. ಕಾರಣ ಬರವಣಿಗೆಯಲ್ಲಿದೆ. ಪ್ರತಿ ಸಾಲಿನ ಮೊದಲಿಗೂ ಕೊನೆಗೂ ಕಳೆದುಹೋದರೂ ನಷ್ಟವಿಲ್ಲದ ಪದಗಳನ್ನಿಟ್ಟು, ತಿರುಳನ್ನು ನಡುವೆ ಇಟ್ಟರು. ತುದಿಗಳು ಮಾತ್ರ ಒಂದರ ಮೇಲೊಂದು ಬೀಳುತ್ತವೆ. ಧ್ವನಿಯನ್ನು ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿದು ಆಮೇಲೆ ಬೆರೆಸುವ ಸೌಲಭ್ಯ ಆಗ ಇರಲಿಲ್ಲ. ಸೆಟ್‌ನಲ್ಲಿ ಹಲವು ಮೈಕ್‌ಗಳನ್ನು ತೂಗುಹಾಕಿ, ಯಾರ ಮಾತು ಬೇಕೋ ಅವರ ಮೈಕ್ ಮಾತ್ರ ಆ ಕ್ಷಣಕ್ಕೆ ತೆರೆಯುತ್ತಿದ್ದರು.

ಇಂಗ್ಲಿಷ್ ರೂಢಿಯಿದ್ದವರಿಗೂ ಈ ಚಿತ್ರದ ಮಾತು ಮೊದಲ ಸಲಕ್ಕೆ ಕೈಗೆ ಸಿಗುವುದಿಲ್ಲ. ಸಂಪಾದಕನ ಕೋಣೆಯ ಮೊದಲ ದೃಶ್ಯವನ್ನು ಒಮ್ಮೆ ಸಬ್‌ಟೈಟಲ್ ಹಾಕಿಕೊಂಡು, ಇನ್ನೊಮ್ಮೆ ತೆಗೆದು, ಮೂರನೇ ಸಲ ಧ್ವನಿಯನ್ನೇ ನಿಲ್ಲಿಸಿ ನೋಡಿ. ಧ್ವನಿಯಿಲ್ಲದಾಗ ಇಬ್ಬರೂ ಎಷ್ಟು ಓಡಾಡುತ್ತಾರೆ, ಯಾರು ಯಾರ ಜಾಗ ಕಿತ್ತುಕೊಳ್ಳುತ್ತಾರೆ ಎಂಬುದು ಬಯಲಾಗುತ್ತದೆ. ನಗುವಿನ ಅಡಿಯಲ್ಲೇ ಗಲ್ಲಿಗೇರಲಿರುವ ಮನುಷ್ಯನೊಬ್ಬನಿದ್ದಾನೆ, ಕಿಟಕಿಯಿಂದ ಹಾರುವ ಹೆಣ್ಣೊಬ್ಬಳಿದ್ದಾಳೆ. ಪತ್ರಕರ್ತರು ಒಂದು ಗಳಿಗೆ ಸುಮ್ಮನಾಗಿ ಮತ್ತೆ ಫೋನ್ ಹಿಡಿಯುತ್ತಾರೆ. ಈ ಚಿತ್ರವನ್ನು ಬರೀ ಚುರುಕು ಮಾತಿನ ಕಾಮಿಡಿ ಎಂದು ಬರೆದವರು ಅರ್ಧವನ್ನಷ್ಟೇ ನೋಡಿದ್ದಾರೆ.

ಹಾಕ್ಸ್‌ನ 'ಬ್ರಿಂಗಿಂಗ್ ಅಪ್ ಬೇಬಿ' (1938) ಬಂದಾಗ ಸೋತಿತು, ಈಗ ಪಠ್ಯ. ಊಟದ ಹೋಟೆಲಿನಲ್ಲಿ ಕೋಟು ಹರಿದು, ಆಮೇಲೆ ಕ್ಯಾಥರೀನ್ ಹೆಪ್‌ಬರ್ನ್‌ಳ ಉಡುಪಿನ ಹಿಂಭಾಗ ಹರಿದು, ಗ್ರಾಂಟ್ ಅವಳಿಗೆ ಅಂಟಿಕೊಂಡು ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊರನಡೆಯುವ ದೃಶ್ಯವನ್ನು ತಪ್ಪಿಸಿಕೊಳ್ಳಬೇಡಿ.

ಸೆನ್ಸಾರ್ ಕಲಿಸಿದ್ದು, ಲ್ಯೂಬಿಚ್ ಮೊದಲೇ ಬಲ್ಲದ್ದು

ಹಾಲಿವುಡ್ ತನಗೆ ತಾನೇ ಹಾಕಿಕೊಂಡ ನೀತಿಸಂಹಿತೆ 1930ರಲ್ಲೇ ಬರೆದಿಟ್ಟದ್ದು, ಬಿಗಿಯಾಗಿ ಜಾರಿಗೆ ಬಂದದ್ದು 1934ರ ನಡುವಿನಲ್ಲಿ. ಅದಕ್ಕೆ ಮುಂಚಿನ ಚಿತ್ರ, ಆಮೇಲಿನ ಚಿತ್ರ ಎಂದು ಗುರುತು ಹಾಕಿಕೊಂಡು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅರ್ನ್‌ಸ್ಟ್ ಲ್ಯೂಬಿಚ್‌ನ 'ಟ್ರಬಲ್ ಇನ್ ಪ್ಯಾರಡೈಸ್' (1932) ಮುಂಚಿನದು. ಇಬ್ಬರು ಕಳ್ಳರು ಊಟದ ಮೇಜಿನಲ್ಲಿ ಒಬ್ಬರ ಜೇಬು ಇನ್ನೊಬ್ಬರು ಕತ್ತರಿಸುತ್ತಲೇ ಪ್ರೀತಿಸತೊಡಗುತ್ತಾರೆ. ಸಂಹಿತೆ ಜಾರಿಯಾದ ಮೇಲೆ ಇದರ ಮರುಬಿಡುಗಡೆಗೆ ಒಪ್ಪಿಗೆ ಸಿಗದೆ ದಶಕಗಳ ಕಾಲ ಮರೆಯಾಗಿತ್ತು.

ಲ್ಯೂಬಿಚ್‌ನ ವಿದ್ಯೆ ಬಾಗಿಲಿನ ಹೊರಗೆ ನಿಲ್ಲುವುದು. ಈ ಚಿತ್ರದಲ್ಲಿ ಒಂದು ಇಡೀ ಸಂಜೆ ಗಡಿಯಾರಗಳ ಮೇಲೆಯೇ ಸಾಗುತ್ತದೆ. ಹೊತ್ತು ಸರಿಯುತ್ತದೆ, ಇಬ್ಬರ ದನಿ ಮಾತ್ರ ಕೇಳುತ್ತದೆ. ಒಳಗೇನಾಯಿತೆಂದು ಕೂಡಿಕೊಳ್ಳುವ ಕೆಲಸ ನಮ್ಮದು. ಪ್ರೇಕ್ಷಕರ ಬುದ್ಧಿಯನ್ನು ಇಷ್ಟು ನಂಬಿದ ನಿರ್ದೇಶಕ ಹಾಲಿವುಡ್‌ನಲ್ಲಿ ಇನ್ನೊಬ್ಬನಿಲ್ಲ ಎಂಬುದು ಈ ಟಿಪ್ಪಣಿಯ ಖಚಿತ ಅಭಿಪ್ರಾಯ.

ಅವನ 'ದಿ ಶಾಪ್ ಅರೌಂಡ್ ದಿ ಕಾರ್ನರ್' (1940) ಬುಡಾಪೆಸ್ಟಿನ ಒಂದು ಚರ್ಮದ ಸಾಮಾನಿನ ಅಂಗಡಿಯಲ್ಲಿ ನಡೆಯುತ್ತದೆ. ಜೇಮ್ಸ್ ಸ್ಟೂವರ್ಟ್, ಮಾರ್ಗರೆಟ್ ಸಲ್ಲವನ್ ಹಗಲೆಲ್ಲ ಜಗಳವಾಡುವ ನೌಕರರು. ಇಬ್ಬರೂ ಹೆಸರು ತಿಳಿಯದೆ ಪತ್ರ ಬರೆದುಕೊಳ್ಳುತ್ತಿರುವುದು ಪರಸ್ಪರರಿಗೇ. ತಿಳಿವಳಿಕೆಯ ಮೆಟ್ಟಿಲುಗಳನ್ನು ಗುರುತಿಸಿ. ಮೊದಲ ಭಾಗದಲ್ಲಿ ಅವರಿಬ್ಬರಿಗೂ ಗೊತ್ತಿಲ್ಲ, ನಮಗಷ್ಟೇ ಅನುಮಾನ. ಕೆಫೆಯ ಕಿಟಕಿಯಲ್ಲಿ ಗೆಳೆಯ ಇಣುಕಿ ನೋಡಿದಾಗ ನಮಗೂ ನಾಯಕನಿಗೂ ಗೊತ್ತಾಗುತ್ತದೆ. ಅಲ್ಲಿಂದ ಕೊನೆಯವರೆಗೆ ಅವಳೊಬ್ಬಳಿಗೆ ಗೊತ್ತಿಲ್ಲ. ಎಲ್ಲರಿಗೂ ಒಟ್ಟಿಗೆ ಕೊನೆಯಲ್ಲಿ ತಿಳಿದಿದ್ದರೆ ಒಂದೇ ಅಚ್ಚರಿ ಸಿಗುತ್ತಿತ್ತು. ಅವನಿಗೆ ಮೊದಲು ತಿಳಿದದ್ದರಿಂದ ಉಳಿದ ಪ್ರತಿ ಜಗಳವೂ ಪ್ರೇಮದ ಮಾತಾಯಿತು. ಚಿತ್ರಕಥೆ ಬರೆಯುವಾಗ ರಹಸ್ಯವನ್ನು ಕೊನೆಯವರೆಗೆ ಬಚ್ಚಿಡುವ ಚಪಲ ಎಲ್ಲರಿಗೂ ಇರುತ್ತದೆ. ಈ ಚಿತ್ರ ಅದಕ್ಕೆ ಮದ್ದು.

ಸಂಹಿತೆಯ ಅಂಚಿನಲ್ಲಿ ಬಂದ 'ಇಟ್ ಹ್ಯಾಪನ್ಡ್ ಒನ್ ನೈಟ್' (1934) ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಹೀಗೆ ಐದು ಮುಖ್ಯ ಆಸ್ಕರ್‌ಗಳನ್ನೂ ಒಟ್ಟಿಗೆ ಗೆದ್ದಿತು. ಒಂದೇ ಕೋಣೆಯಲ್ಲಿ ಇಬ್ಬರ ಹಾಸಿಗೆಗಳ ನಡುವೆ ಹಗ್ಗಕ್ಕೆ ನೇತುಹಾಕಿದ ಕಂಬಳಿ, ಕೊನೆಯಲ್ಲಿ ಅದು ಬೀಳುವುದು: ತೋರಿಸಲಾಗದ್ದನ್ನು ಹೇಳುವ ಪಾಠ. ರಾಜ್ ಕಪೂರ್, ನರ್ಗಿಸ್ ಅಭಿನಯದ 'ಚೋರಿ ಚೋರಿ' (1956) ಇದೇ ಕಥೆಯನ್ನು ಆಧರಿಸಿದ್ದು. ಎರಡನ್ನೂ ನೋಡಿ, ಹಾಡುಗಳು ಯಾವ ದೃಶ್ಯಗಳ ಕೆಲಸವನ್ನು ವಹಿಸಿಕೊಂಡಿವೆ ಎಂದು ಪಟ್ಟಿಮಾಡಿದರೆ ಒಳ್ಳೆಯ ಸೆಮಿನಾರ್ ಪ್ರಬಂಧವಾಗುತ್ತದೆ.

ಪ್ರೆಸ್ಟನ್ ಸ್ಟರ್ಜಸ್‌ನ 'ದಿ ಲೇಡಿ ಈವ್' (1941) ಕೂಡ ಈ ಸಾಲಿನದೇ. ಬಾರ್ಬರಾ ಸ್ಟಾನ್‌ವಿಕ್ ಕೈಗನ್ನಡಿಯಲ್ಲಿ ಹಿಂದಿನ ಮೇಜಿನ ಹೆನ್ರಿ ಫೋಂಡಾನನ್ನು ನೋಡುತ್ತ, ಅವನನ್ನು ಸೆಳೆಯಲು ಬರುವ ಹೆಂಗಸರ ಬಗ್ಗೆ ವೀಕ್ಷಕ ವಿವರಣೆ ಕೊಡುತ್ತಾಳೆ, ಅವನು ಹಾಯುವಾಗ ಕಾಲು ಚಾಚಿ ಬೀಳಿಸುತ್ತಾಳೆ. ಕನ್ನಡಿ ಇಲ್ಲಿ ಅವಳ ಕೈಯ ಕ್ಯಾಮೆರಾ.

ಬಿಲ್ಲಿ ವೈಲ್ಡರ್: ವಸ್ತುವೇ ಮಾತಾಡುವುದು

ವೈಲ್ಡರ್ ತನ್ನ ಕಚೇರಿಯ ಗೋಡೆಗೆ, ಲ್ಯೂಬಿಚ್ ಇದನ್ನು ಹೇಗೆ ಮಾಡುತ್ತಿದ್ದ ಎಂಬ ಪ್ರಶ್ನೆಯನ್ನು ಬರೆಸಿ ಹಾಕಿದ್ದ. ಉತ್ತರ ವೈಲ್ಡರ್ ನಿರ್ದೇಶಿಸಿದ ಎರಡು ಚಿತ್ರಗಳಲ್ಲಿದೆ.

'ಸಮ್ ಲೈಕ್ ಇಟ್ ಹಾಟ್' (1959): 1929ರ ಷಿಕಾಗೋದಲ್ಲಿ ಗುಂಪುಕೊಲೆಯೊಂದನ್ನು ಕಂಡ ಇಬ್ಬರು ವಾದ್ಯಗಾರರು ಹೆಂಗಸರ ವೇಷದಲ್ಲಿ ತಪ್ಪಿಸಿಕೊಳ್ಳುತ್ತಾರೆ. ಬಣ್ಣದ ಕಾಲದಲ್ಲಿ ಇದನ್ನು ಕಪ್ಪುಬಿಳುಪಿನಲ್ಲಿ ತೆಗೆಯಲು ಕಾರಣ ಮೇಕಪ್. ಬಣ್ಣದ ಪರೀಕ್ಷೆಯಲ್ಲಿ ಟೋನಿ ಕರ್ಟಿಸ್, ಜಾಕ್ ಲೆಮನ್ ಮುಖಗಳು ಹಸಿರಾಗಿ ಕಂಡವು. ಲೆಮನ್ ತನಗೆ ಮದುವೆ ನಿಶ್ಚಯವಾಯಿತೆಂದು ಹೇಳುವ ದೃಶ್ಯವನ್ನು ಗಮನಿಸಿ. ವೈಲ್ಡರ್ ಅವನ ಕೈಗೆ ಮರಾಕಾ ಗಿಲಕಿಗಳನ್ನು ಕೊಟ್ಟ. ಒಂದು ಮಾತು ಹೇಳುತ್ತಾನೆ, ಗಿಲಕಿ ಆಡಿಸುತ್ತ ಕುಣಿಯುತ್ತಾನೆ, ಮುಂದಿನ ಮಾತು ಹೇಳುತ್ತಾನೆ. ನಗುವಿಗೆ ಬೇಕಾದ ಜಾಗ ಸಿಕ್ಕಿತು, ಖಾಲಿತನವೂ ತಪ್ಪಿತು, ಪಾತ್ರದ ಸಂತೋಷವೂ ಕಂಡಿತು. ಒಂದೇ ವಸ್ತುವಿನಿಂದ ಮೂರು ಕೆಲಸ. ಮೊದಲಲ್ಲೇ ದೊಡ್ಡ ಬೇಸ್ ವಾದ್ಯಕ್ಕೆ ಬಿದ್ದ ಗುಂಡಿನ ತೂತುಗಳನ್ನೂ ಮರೆಯಬೇಡಿ. ಎಷ್ಟೋ ಹೊತ್ತಿನ ನಂತರ ವೇಷ ಬಯಲಾಗುವುದು ಅವುಗಳಿಂದ.

'ದಿ ಅಪಾರ್ಟ್‌ಮೆಂಟ್' (1960) ಮೂರು ಹೊತ್ತೂ ನಗಿಸುವ ಚಿತ್ರವಲ್ಲ. ಬಡ್ತಿಗಾಗಿ ತನ್ನ ಮನೆಯ ಬೀಗದಕೈಯನ್ನು ಮೇಲಧಿಕಾರಿಗಳ ಕಳ್ಳಸಂಬಂಧಗಳಿಗೆ ಕೊಡುವ ಗುಮಾಸ್ತನ ಕಥೆ. ಆತ್ಮಹತ್ಯೆಯ ಯತ್ನವೂ ಇದೆ ಎಂದು ತಿಳಿದೇ ನೋಡಲು ಕೂರಿ. ಕೊನೆಯೇ ಕಾಣದ ಆ ಕಚೇರಿಯ ಹಾಲ್, ಕಲಾನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್‌ನ ಕೈಚಳಕ. ಹಿಂದೆ ಹೋದಂತೆ ಮೇಜುಗಳ ಗಾತ್ರ ಇಳಿಸಿ ಆಳದ ಭ್ರಮೆ ತಂದರು.

ಈ ಚಿತ್ರದ ತಿರುಳಿನ ದೃಶ್ಯಕ್ಕೆ ಒಂದು ಮುಖದ ಪೌಡರ್ ಡಬ್ಬಿಯೇ ಆಧಾರ. ಮುಂಚೆ ಯಾರೋ ಹೆಂಗಸು ಮನೆಯಲ್ಲಿ ಬಿಟ್ಟುಹೋದ, ಕನ್ನಡಿ ಬಿರಿದ ಡಬ್ಬಿಯನ್ನು ಗುಮಾಸ್ತನ ಪಾತ್ರದ ಲೆಮನ್ ಮೇಲಧಿಕಾರಿಗೆ ಹಿಂತಿರುಗಿಸಿರುತ್ತಾನೆ. ಕ್ರಿಸ್ಮಸ್ ಪಾರ್ಟಿಯಲ್ಲಿ ಹೊಸ ಟೋಪಿ ಹೇಗೆ ಕಾಣುತ್ತದೆ ನೋಡಿಕೊ ಎಂದು ಶರ್ಲಿ ಮೆಕ್ಲೇನ್ ತನ್ನ ಡಬ್ಬಿ ಕೊಡುತ್ತಾಳೆ. ತೆರೆದರೆ ಅದೇ ಬಿರುಕು. ಮೇಲಧಿಕಾರಿಯ ಜೊತೆ ಮನೆಗೆ ಬಂದಿದ್ದವಳು ಅವನು ಮೆಚ್ಚಿದ ಹುಡುಗಿಯೇ. ಯಾರೂ ವಿವರಿಸುವುದಿಲ್ಲ; ಅವನ ಮುಖ ಬಿರಿದ ಕನ್ನಡಿಯಲ್ಲಿ ಎರಡಾಗಿ ಕಾಣುತ್ತದೆ, ಅಷ್ಟೇ. ಆ ಡಬ್ಬಿ ಮೊದಲು ಬಂದಾಗ ಅದನ್ನು ನಗೆಯ ನಡುವೆ ಸೇರಿಸಿದ್ದರಿಂದ ನಾವು ಅದನ್ನು ಸುಳಿವೆಂದು ಎಣಿಸಿರಲಿಲ್ಲ. ಸೆಟಪ್‌ನ್ನು, ಅಂದರೆ ಮುಂದಿನ ನಗುವಿಗೋ ತಿರುವಿಗೋ ಮಾಡುವ ತಯಾರಿಯನ್ನು, ಬಚ್ಚಿಡಲು ಜೋಕ್‌ಗಿಂತ ಒಳ್ಳೆಯ ಜಾಗವಿಲ್ಲ.

ನೋಡುವಾಗ, ಬರೆಯುವಾಗ

ಕ್ರಮ ಹೀಗಿದ್ದರೆ ಅನುಕೂಲ: ಮೊದಲು 'ಶರ್ಲಾಕ್ ಜೂನಿಯರ್', 'ದಿ ಮ್ಯೂಸಿಕ್ ಬಾಕ್ಸ್', ಎರಡೂ ಚಿಕ್ಕವು, ಭಾಷೆಯ ತೊಡಕಿಲ್ಲ. ನಂತರ 'ಸಿಟಿ ಲೈಟ್ಸ್', 'ಸಮ್ ಲೈಕ್ ಇಟ್ ಹಾಟ್'. ಕಣ್ಣು ಪಳಗಿದ ಮೇಲೆ ಲ್ಯೂಬಿಚ್. ಹಾಕ್ಸ್ ಕೊನೆಗಿರಲಿ. ಸಾಧ್ಯವಾದಷ್ಟೂ ನಾಲ್ಕೈದು ಜನರೊಡನೆ ನೋಡಿ. ನಗುವಿಗೆ ಬಿಟ್ಟ ಜಾಗ ಒಬ್ಬರೇ ಮೊಬೈಲಿನಲ್ಲಿ ನೋಡುವಾಗ ಎಳೆದಂತೆ ಅನಿಸುತ್ತದೆ, ಗುಂಪಿನಲ್ಲಿ ಸರಿಯಾಗಿ ತುಂಬುತ್ತದೆ.

ಹಳಸಿದ್ದನ್ನು ಹಳಸಿದೆ ಎಂದೇ ಬರೆಯಿರಿ. ಕೀಟನ್‌ನ 'ಸೆವೆನ್ ಚಾನ್ಸಸ್' (1925) ಚಿತ್ರದಲ್ಲಿ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು ಆಳಿನ ಪಾತ್ರ ಮಾಡಿದ್ದಾನೆ. ಸ್ಟರ್ಜಸ್‌ನ 'ದಿ ಪಾಮ್ ಬೀಚ್ ಸ್ಟೋರಿ' (1942) ಚಿತ್ರದ ರೈಲಿನ ದೃಶ್ಯದಲ್ಲಿ ಕುಡಿದ ಸಿರಿವಂತರು ಗುಂಡು ಹಾರಿಸುವಾಗ ಕಪ್ಪು ನೌಕರನ ಹೆದರಿಕೆಯನ್ನೇ ನಗೆಯಾಗಿಸಿದ್ದಾರೆ. ಆ ನಗು ಯಾರ ಖರ್ಚಿನಲ್ಲಿ ಬಂತು ಎಂದು ಕೇಳುವುದೂ ಕಾಮಿಡಿಯ ಅಧ್ಯಯನವೇ.

ಟಿಪ್ಪಣಿ ಮಾಡಲು ಹಾಳೆಯನ್ನು ಉದ್ದಕ್ಕೆ ಮೂರು ಪಾಲು ಮಾಡಿ. ಮೊದಲನೆಯದರಲ್ಲಿ ನಗು ಬಂದ ನಿಮಿಷ, ಸೆಕೆಂಡು. ಎರಡನೆಯದರಲ್ಲಿ ಅದರ ಸೆಟಪ್ ಬಂದ ಹೊತ್ತು. ಮೂರನೆಯದರಲ್ಲಿ ಆ ಕ್ಷಣ ಯಾರಿಗೆ ಏನು ಗೊತ್ತಿತ್ತು ಎಂಬುದು. ಮೊದಲ ಸಲ ನೋಡುವಾಗ ಪೆನ್ನು ಮುಟ್ಟಬೇಡಿ. ಎರಡನೇ ಸಲ ಮೊದಲ ಪಾಲು ತುಂಬಿಸಿ, ಆಮೇಲೆ ಹಿಂದಕ್ಕೆ ಹೋಗಿ ಉಳಿದೆರಡನ್ನು ಹುಡುಕಿ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಇಲ್ಲೇ ಹುಟ್ಟುವುದು: ನಗು ಬಂದ ದೃಶ್ಯವನ್ನಷ್ಟೇ ಬಣ್ಣಿಸಿ, ನಟನ ಮುಖಭಾವವನ್ನು ಹೊಗಳಿ ಮುಗಿಸುತ್ತಾರೆ. ಎರಡನೇ ಪಾಲು ಖಾಲಿಯಿದ್ದರೆ ಚಿತ್ರವನ್ನು ಇನ್ನೊಮ್ಮೆ ಹಾಕಿ. 'ದಿ ಅಪಾರ್ಟ್‌ಮೆಂಟ್'ನ ಬೀಗದಕೈಗಳನ್ನು, ಅವು ಕೈ ಬದಲಾಯಿಸುವ ಪ್ರತಿ ಸಲವನ್ನೂ ಗುರುತುಮಾಡಿಕೊಂಡು ಶುರುಮಾಡಬಹುದು. ಕೊನೆಗೆ ಗುಮಾಸ್ತ ಕೊಡಬೇಕಾದ ಕೀಲಿಯ ಬದಲು ಬೇರೊಂದನ್ನು ಮೇಜಿನ ಮೇಲಿಡುವಾಗ ಆ ಪಟ್ಟಿ ಕೈಯಲ್ಲಿರಲಿ.